ಕಲ್ಯಾಣ ಮಂಟಪದ ಜಾಗ

ಬಸವನಗುಡಿ
9 ನವೆಂಬರ್ 2022

ಪ್ರಿಯ ಪ್ರತಿಭಾ,

ಫೋನಿನಲ್ಲಿ ನನಗೆ ಅರ್ಧ ಕೇಳುವುದಿಲ್ಲ, ಉಳಿದರ್ಧಕ್ಕೆ ನಾನೇ ಏನೋ ಊಹಿಸಿಕೊಂಡು ಉತ್ತರ ಕೊಡುತ್ತೇನೆ ಎಂದು ನೀನು ಬೈಯುತ್ತೀಯ. ಕಿವಿಗೆ ಹಾಕಿಕೊಳ್ಳುವ ಈ ಯಂತ್ರ ಫೋನು ಹತ್ತಿರ ಬಂದ ಕೂಡಲೇ ಕುಂಯ್ ಎನ್ನುತ್ತದೆ. ಬಸವನಗುಡಿಯಿಂದ ಬಿನ್ನಿಪೇಟೆಗೆ ಆಟೋದವನೂ ಬರಲೊಲ್ಲ, ಅಷ್ಟು ಹತ್ತಿರ. ಆದರೂ ನಿನಗೆ ಕಲಬುರಗಿಗೆ ವರ್ಗವಾಗಿದ್ದಾಗ ಬರೆಯುತ್ತಿದ್ದಂತೆ ಕಾಗದ ಬರೆಯಲು ಕೂತಿದ್ದೇನೆ.

ನಮ್ಮ ಪಕ್ಕದ ಕಲ್ಯಾಣ ಮಂಟಪವನ್ನು ಕೆಡವಿದರು. ನಮ್ಮಿಬ್ಬರ ಹೈಸ್ಕೂಲಿನ ದಿನಗಳಲ್ಲಿ ನಿಮ್ಮ ಮನೆ, ನಿಮ್ಮಪ್ಪನ ಹಸುಗಳು ಎಲ್ಲ ಅದರ ಹಿಂದೆಯೇ ಇದ್ದವಲ್ಲ, ಆ ಜಾಗವೂ ಸೇರಿ ಈಗ ಒಂದೇ ಬಯಲು. ನಿನ್ನೆ ಬೋರ್ಡು ನೆಟ್ಟರು. ಹದಿನಾಲ್ಕು ಮಹಡಿಯಂತೆ! ಕೆಳಗೆ ಕಾರು ನಿಲ್ಲಿಸಲು ಮೂರು ನೆಲಮಾಳಿಗೆ. ನಮ್ಮ ಅಡ್ಡರಸ್ತೆಯಲ್ಲಿ ಎದುರು ಬದುರು ಎರಡು ಕಾರು ಬಂದರೆ ಒಂದು ಹಿಂದೆ ಸರಿಯಬೇಕು. ಒಂದು ಮಹಡಿ, ಹೆಚ್ಚೆಂದರೆ ಎರಡು ಮಹಡಿಯ ಮನೆಗಳ ನಡುವೆ ಅದೊಂದು ಎದ್ದು ನಿಂತರೆ ನಮ್ಮ ಗತಿಯೇನು?

ಭಾನುವಾರ ನಮ್ಮ ಮನೆಯ ಹಾಲಿನಲ್ಲೇ ಸಭೆ ಸೇರಿದ್ದೆವು. ಎದುರು ಮನೆಯ ವೀರಭದ್ರಯ್ಯನವರು ವಕೀಲರಾಗಿದ್ದವರು, ದಾರಿ ತೋರಿಸುತ್ತೇನೆ ಎಂದಿದ್ದಾರೆ. ಮೂರನೇ ಮನೆಯ ಶೈಲಜಮ್ಮ ಸಹಿ ಹಾಕಿಸಲು ಮನೆ ಮನೆಗೂ ಹೊರಟಿದ್ದಾರೆ. ಬರೆಯುವ ಕೆಲಸ ನನಗೆ ಬಂದಿದೆ. ಕನ್ನಡ ಮೇಡಂ ಅಲ್ಲವೇ! ನೀನು ಲೋಕೋಪಯೋಗಿ ಇಲಾಖೆಯಲ್ಲಿ ಇಷ್ಟು ವರ್ಷ ಗುಮಾಸ್ತೆಯಾಗಿದ್ದವಳು. ಯಾವ ಅರ್ಜಿ ಯಾವ ಮೇಜಿಗೆ ಹೋಗಬೇಕು, ಯಾವ ಮಾತು ಹಾಕಿದರೆ ಕಣ್ಣೆತ್ತಿ ನೋಡುತ್ತಾರೆ ಎಂಬುದು ನಿನಗೆ ಗೊತ್ತು. ಒಂದು ದಿನ ಬಂದು ನನ್ನ ಪಕ್ಕ ಕೂತುಕೋ. ಮಧ್ಯಾಹ್ನ ಹುಳಿಯನ್ನ ಮಾಡಿರುತ್ತೇನೆ.

ನಿಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು. ಮಂಡಿ ನೋವು ಹೇಗಿದೆ?

ನಿನ್ನ
ಚೂಡಾ


ಬಿನ್ನಿಪೇಟೆ
16 ನವೆಂಬರ್ 2022

ಚೂಡಾ,

ಕಾಗದ ಬಂತು. ಅರ್ಜಿ ಬರೆಯಲು ನಾನು ಬರಲಾರೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ನೇರವಾಗಿಯೇ ಹೇಳಿಬಿಡುತ್ತೇನೆ. ಆ ಕಟ್ಟಡದಲ್ಲಿ ನಾನೊಂದು ಮನೆ ಬುಕ್ ಮಾಡಿದ್ದೇನೆ. ಎರಡನೇ ಮಹಡಿ. ಒಂದು ರೂಮು, ಒಂದು ಹಾಲು. ನಿವೃತ್ತಿಯಲ್ಲಿ ಬಂದದ್ದು, ಹೊಸಕೋಟೆಯ ಆಚೆ ಅಪ್ಪ ಬಿಟ್ಟುಹೋದ ತುಂಡು ಜಮೀನು ಮಾರಿದ್ದು, ಎರಡೂ ಅದಕ್ಕೇ ಹೋಯಿತು. ದೀಪಾವಳಿಗೆ ಸಿಹಿ ತಂದು ನಿನಗೆ ಹೇಳಬೇಕೆಂದಿದ್ದೆ. ಆಗಲಿಲ್ಲ.

ಅಮ್ಮನ ಮಂಡಿ ಹೇಗಿದೆ ಎಂದು ಕೇಳಿದ್ದೀಯ. ನಮ್ಮದು ಮೂರನೇ ಮಹಡಿ, ಲಿಫ್ಟ್ ಇಲ್ಲ. ಆಷಾಢದಲ್ಲಿ ಡಾಕ್ಟರ ಹತ್ತಿರ ಕರೆದೊಯ್ಯಲು ನನ್ನ ಮಗ ಕುಶಾಲ್ ಮತ್ತು ಪಕ್ಕದ ಮನೆಯವರು ಅವಳನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಇಳಿಸಿದರು. ತಿರುವಿನಲ್ಲಿ ಕುರ್ಚಿ ವಾಲಿತು. ಅಮ್ಮ ಕಿರುಚಿಕೊಂಡಳು. ಅವತ್ತಿನಿಂದ ಕೆಳಗೆ ಇಳಿದಿಲ್ಲ. "ನನ್ನ ಇಲ್ಲೇ ಬಿಟ್ಬಿಡಿ, ಆಕಾಶ ನೋಡ್ಕೊಂಡು ಇರ್ತೀನಿ" ಅನ್ನುತ್ತಾಳೆ.

ನೆಲಮಟ್ಟದ ಮನೆ ಹುಡುಕಿ ಸಾಕಾಯಿತು. ಸಿಕ್ಕ ಕಡೆ ಬಾಡಿಗೆ ನಮ್ಮ ಕೈಗೆ ಎಟುಕುವುದಿಲ್ಲ, ಎಟುಕುವ ಕಡೆ ಊರು ಮುಗಿದುಹೋಗಿರುತ್ತದೆ. ಆಮೇಲೆ ಈ ಜಾಹೀರಾತು ನೋಡಿದೆ. ಅಮ್ಮನಿಗೆ ಹೇಳಿದಾಗ ಮೊದಲು ನಂಬಲಿಲ್ಲ. "ನಮ್ ಹಸು ಕಟ್ತಿದ್ದ ಜಾಗಾನಾ? ಲಿಫ್ಟ್ ಇರುತ್ತಾ? ಹಂಗಾದ್ರೆ ಕಡಲೆಕಾಯಿ ಪರಿಷೆಗೆ ನಾನೇ ನಡ್ಕೊಂಡು ಹೋಗ್ತೀನಿ, ನೀವ್ಯಾರೂ ಹಿಡ್ಕೊಳ್ಳೋದು ಬೇಡ" ಅಂದಳು.

ನಿಮ್ಮ ರಸ್ತೆಯ ಕಷ್ಟ ನನಗೆ ತಿಳಿಯದೆ ಇಲ್ಲ. ನನ್ನದೂ ನಿನಗೆ ತಿಳಿದಿರಲಿ ಅಂತ ಬರೆದೆ.

ಪ್ರತಿಭಾ


ಬಸವನಗುಡಿ
28 ನವೆಂಬರ್ 2022

ಪ್ರಿಯ ಪ್ರತಿಭಾ,

ನಿನ್ನ ಕಾಗದವನ್ನು ಇವರಿಗೆ ತೋರಿಸಲಿಲ್ಲ. ನಾನೇ ನಾಲ್ಕು ಸಲ ಓದಿಕೊಂಡೆ.

ನಾವು ನಿನ್ನ ವಿರುದ್ಧ ನಿಂತಿಲ್ಲ, ಪ್ರತಿಭಾ. ಅದನ್ನು ನೀನು ನಂಬಬೇಕು. ನೀನೊಬ್ಬಳು ಬರುವುದಾದರೆ ನಾನೇ ಹೊಸ್ತಿಲಿಗೆ ರಂಗೋಲಿ ಹಾಕಿ ಕಾಯುತ್ತಿದ್ದೆ. ಇನ್ನೂರು ಸಂಸಾರಗಳ ಮಾತು ಇದು. ಈಗಲೇ ಜೋರು ಮಳೆ ಬಂದರೆ ಮ್ಯಾನ್‌ಹೋಲ್ ಉಕ್ಕಿ ಶೈಲಜಮ್ಮನ ಅಂಗಳಕ್ಕೆ ಬರುತ್ತದೆ. ಹಿಂದಿನ ರಸ್ತೆಯಲ್ಲಿ ಆರು ಮಹಡಿ ಕಟ್ಟಿದ ವರ್ಷವೇ ವೀರಭದ್ರಯ್ಯನವರ ಬೋರ್‌ವೆಲ್ ಬತ್ತಿತು. ನಾಳೆ ಅಲ್ಲಿ ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ನಮ್ಮ ತಿರುವಿನಲ್ಲಿ ತಿರುಗುವುದಿಲ್ಲ. ಅದು ನಿನ್ನ ಮನೆಯೂ ಅಲ್ಲವೇ? ನಿನ್ನ ಹಣ ಸುರಿದ ಕಡೆ ನೀರೇ ಇಲ್ಲದೆ ಟ್ಯಾಂಕರಿಗೆ ಕಾಯುತ್ತ ಕೂರುತ್ತೀಯಾ?

ಇನ್ನೊಂದು ಮಾತು. ಕುಮಾರ ಪಾರ್ಕಿನಲ್ಲಿ ನನ್ನ ನಾದಿನಿಯ ಮನೆಯ ಹಿಂದೆ ಔಟ್‌ಹೌಸ್ ಖಾಲಿ ಬಿದ್ದಿದೆ. ನೆಲಮಟ್ಟ. ಸಣ್ಣದು, ಆದರೆ ಚೊಕ್ಕವಾಗಿದೆ. ನಾನು ಹೇಳಿದರೆ ಕಡಿಮೆ ಬಾಡಿಗೆಗೆ ಕೊಡುತ್ತಾಳೆ. ಕೇಳಲೇ? ಬುಕ್ ಮಾಡಿದ್ದನ್ನು ಈಗಲೇ ರದ್ದು ಮಾಡಿದರೆ ಹಣ ವಾಪಸ್ ಬರುತ್ತದೆಯಂತೆ, ವೀರಭದ್ರಯ್ಯನವರು ಹೇಳಿದರು. ನಿನ್ನ ಹೆಸರು ಹೇಳದೆ ಕೇಳಿದೆ.

ಬೇಗ ಬರೆ.

ನಿನ್ನ
ಚೂಡಾ


ಬಿನ್ನಿಪೇಟೆ
22 ಜನವರಿ 2023

ಚೂಡಾ,

ಔಟ್‌ಹೌಸಿನ ಬಗ್ಗೆ ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಇವತ್ತು ಬರೆಯಬೇಕಾಗಿದೆ.

ಕುಶಾಲ್ ಬಳೇಪೇಟೆಯ ಅಂಗಡಿಯಿಂದ ಬರುವಾಗ ಗಾಂಧಿ ಬಜಾರಿನ ಮೇಲೆ ಬಂದಿದ್ದಾನೆ. ಅಲ್ಲಿ ಯಾರೋ ಒಂದು ಕರಪತ್ರ ಕೈಗಿಟ್ಟರಂತೆ. ಊಟಕ್ಕೆ ಕೂತಾಗ ಅಮ್ಮ, "ಅದೇನೋ ಕಾಗ್ದ, ಓದು" ಅಂದಳು. ಅವನು ಗಟ್ಟಿಯಾಗಿ ಓದಿದ. "ನಮ್ಮ ಹಿರಿಯರು ಬೆಳೆಸಿದ ಈ ಬಡಾವಣೆ, ಕಂಡ ಕಂಡವರನ್ನು ದನಗಳಂತೆ ತುಂಬುವ ಕೊಟ್ಟಿಗೆಯಾಗದಿರಲಿ."

ಕೆಳಗೆ ಹೆಸರಿಲ್ಲ, ನಿವಾಸಿಗಳ ಸಂಘ ಎಂದಷ್ಟೇ ಇದೆ. ಆದರೆ ನಿನ್ನ ವಾಕ್ಯ ನನಗೆ ಗೊತ್ತಾಗುವುದಿಲ್ಲವೇ?

ಅಮ್ಮ ಕಲೆಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟಳು. ಆಮೇಲೆ, "ಕೊಟ್ಟಿಗೆ ಅಂದ್ರೆ ಗಲೀಜು ಅಂತ ತಿಳ್ಕೊಂಡವ್ರೆ. ನಾವು ದಿನಾ ಎರಡೊತ್ತೂ ತೊಳೀತಿದ್ವಲ್ಲ" ಅಂದಳು. "ಯಾರು ಬರ್ದಿದ್ದು ಇದು?" ಎಂದು ನನ್ನನ್ನು ಕೇಳಿದಳು.

"ಯಾರೋ ಏನೋಮ್ಮ, ಗೊತ್ತಿಲ್ಲ" ಅಂದೆ.

ಪ್ರತಿಭಾ


ಬಸವನಗುಡಿ
26 ಜನವರಿ 2023

ಪ್ರತಿಭಾ,

ನಾನೇ ಬರೆದದ್ದು. ಬರೆಯುವಾಗ ನಿಮ್ಮ ಮನೆ ನನ್ನ ಕಣ್ಣ ಮುಂದೆ ಬರಲೇ ಇಲ್ಲ. ಬಾರದೆ ಹೋದದ್ದೇ ದೊಡ್ಡ ತಪ್ಪು ಎಂದು ಈಗ ಅನ್ನಿಸುತ್ತಿದೆ. ಸಭೆಯಲ್ಲಿ ಓದಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ನನಗೆ ಹಿಗ್ಗಾಯಿತು. ಉಳಿದ ಪ್ರತಿಗಳನ್ನು ಹಂಚಬೇಡಿ ಎಂದು ಇವರಿಗೆ ಹೇಳಿದೆ. "ಛಾಪಿಸಿ ಆಗಿದೆಯಲ್ಲ, ಸಂಘದ ದುಡ್ಡು" ಎಂದರು. ಅಷ್ಟರಲ್ಲಿ ಮುಕ್ಕಾಲು ಭಾಗ ಹೋಗಿಯೇ ಬಿಟ್ಟಿತ್ತು.

ನಿಮ್ಮಮ್ಮನಿಗೆ ನನ್ನ ಹೆಸರು ಹೇಳದೆ ಇದ್ದದ್ದಕ್ಕೆ ಏನು ಬರೆಯಲಿ? ಹೇಳಿಬಿಟ್ಟಿದ್ದರೇ ವಾಸಿಯಿತ್ತೇನೋ.

ಚೂಡಾ


ಬಸವನಗುಡಿ
19 ಜೂನ್ 2023

ಪ್ರಿಯ ಪ್ರತಿಭಾ,

ಜನವರಿಯಿಂದ ಬರೆದ ಮೂರು ಕಾಗದಕ್ಕೂ ನೀನು ಉತ್ತರ ಕೊಟ್ಟಿಲ್ಲ. ಈ ಸುದ್ದಿ ಬೇರೆಯವರಿಂದ ನಿನಗೆ ತಿಳಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಯುಗಾದಿಯ ಹೊತ್ತಿಗೆ ಅಗೆಯಲು ಶುರು ಮಾಡಿದರು. ನಮ್ಮ ಕಾಂಪೌಂಡಿನ ಅಂಚಿಗೇ ಬಂದು ಅಗೆದರು. ಅಡುಗೆಮನೆಯಲ್ಲಿ ನಿಂತರೆ ಕಾಲಡಿ ನೆಲ ನಡುಗುತ್ತಿತ್ತು, ಕಪಾಟಿನ ಲೋಟಗಳು ತಮ್ಮಷ್ಟಕ್ಕೆ ತಾವೇ ಸದ್ದು ಮಾಡುತ್ತಿದ್ದವು. ನನಗೆ ಕಿವಿ ಕೇಳದಿದ್ದರೂ ಅದು ಮೈಗೆ ಕೇಳುತ್ತಿತ್ತು. ಎಲ್ಲ ಕಚೇರಿಗಳಿಗೂ ಬರೆದೆವು. ಕೊನೆಗೆ ವೀರಭದ್ರಯ್ಯನವರು, "ಒತ್ತಿಗೇ ಇರೋದು ನಿಮ್ಮ ಮನೆ ಚೂಡಾಮಣಿಯವರೇ, ನಿಮ್ಮೊಬ್ಬರ ಹೆಸರಲ್ಲೇ ಹಾಕಿದ್ರೆ ಕೇಸು ಗಟ್ಟಿಯಾಗಿರುತ್ತೆ" ಎಂದರು. ಮನೆ ನನ್ನ ತಂದೆಯಿಂದ ಬಂದದ್ದು, ನನ್ನ ಹೆಸರಿನಲ್ಲಿದೆ. ಸಹಿ ಹಾಕಿದೆ.

ಶುಕ್ರವಾರ ಹೈಕೋರ್ಟಿನಲ್ಲಿ ತಡೆಯಾಜ್ಞೆ ಸಿಕ್ಕಿತು. ಮುಂದಿನ ಆದೇಶದವರೆಗೆ ಕೆಲಸ ನಿಲ್ಲಿಸಬೇಕು. ರಸ್ತೆಯವರೆಲ್ಲ ಬಂದು ಕೈ ಕುಲುಕಿದರು. ಶೈಲಜಮ್ಮ ಮೈಸೂರುಪಾಕು ಹಂಚಿದರು. ನನಗೂ ಕೊಟ್ಟರು, ತಿಂದೆ.



ಚೂಡಾ


ಬಿನ್ನಿಪೇಟೆ
3 ಜುಲೈ 2023

ಚೂಡಾ,

ಕಾಗದ ಬಂತು. ಕಂಪನಿಯವರಿಂದಲೂ ಬಂತು. ತಡೆ ತೆರವಾಗುವ ತನಕ ಮನೆ ಯಾವಾಗ ಕೊಡುತ್ತೇವೆ ಎಂದು ಹೇಳಲಾಗುವುದಿಲ್ಲವಂತೆ.

ಅಮ್ಮನಿಗೆ ಹೇಳಿಲ್ಲ. ದಿನಾ ಕೇಳುತ್ತಾಳೆ. ಕೆಲಸ ನಡೆಯುತ್ತಿದೆ ಎನ್ನುತ್ತೇನೆ. ಎಂದಾದರೂ ನೀನು ಈ ಕಡೆ ಬಂದರೆ ನೀನೂ ಹಾಗೆಯೇ ಹೇಳಬೇಕು. ಅದೊಂದನ್ನು ಕೇಳುತ್ತಿದ್ದೇನೆ.

ಪ್ರತಿಭಾ


ಬಸವನಗುಡಿ
11 ಸೆಪ್ಟೆಂಬರ್ 2023

ಪ್ರತಿಭಾ,

ಮೊನ್ನೆ ನಾನು ನಿಮ್ಮ ಮನೆಗೆ ಬಂದಿದ್ದು ನಿನಗೆ ತಿಳಿದಿರುತ್ತದೆ. ನೀನು ಪಿಂಚಣಿ ಕೆಲಸಕ್ಕೆ ಬ್ಯಾಂಕಿಗೆ ಹೋಗಿದ್ದೆಯಂತೆ. ನೀನಿಲ್ಲದ್ದೇ ಒಳ್ಳೆಯದಾಯಿತು ಎಂದು ಒಳಗೊಳಗೇ ಅನ್ನಿಸಿತು, ಸುಳ್ಳೇಕೆ ಹೇಳಲಿ.

ಮೆಟ್ಟಿಲು ಹತ್ತುವಷ್ಟರಲ್ಲಿ ನನಗೇ ಏದುಸಿರು ಬಂದಿತ್ತು. ಬಾಗಿಲು ತೆರೆದೇ ಇತ್ತು. ನಿಮ್ಮಮ್ಮ ಕಿಟಕಿಯ ಪಕ್ಕದ ಮಂಚದ ಮೇಲೆ ಕೂತಿದ್ದರು. ಎಷ್ಟು ಇಳಿದುಹೋಗಿದ್ದಾರೆ! ನನ್ನ ಗುರುತು ಹಿಡಿದ ಕೂಡಲೇ, "ಚೂಡಾಮಣಿ ಬಾಮ್ಮ, ಇಲ್ಲಿ ಕೂತ್ಕೊ, ಹತ್ರ ಕೂತ್ಕೊ" ಎಂದು ಮಂಚದ ಮೇಲೆ ಕೈ ತಟ್ಟಿದರು. ನನಗೆ ಕೇಳುವಂತೆ ಗಟ್ಟಿಯಾಗಿ ಮಾತಾಡಿದರು. ಮೊದಲ ಪ್ರಶ್ನೆಯೇ ಅದು:

"ನಿಮ್ ಪಕ್ಕದಲ್ಲೇ ಅಲ್ವಾ? ದಿನಾ ಕಣ್ಣಿಗೆ ಬೀಳುತ್ತಲ್ಲ ನಿಂಗೆ. ಎಷ್ಟು ಮಹಡಿ ಎದ್ದಿದೆ?"

ನಾನು ನೀರು ಕುಡಿದೆ. "ಎರಡು ಆಗಿದೆ" ಎಂದೆ.

"ಎರಡಾಯ್ತಾ! ನಮ್ದೇ ಅದು, ಎರಡ್ನೇದೇ ನಮ್ದು!" ನನ್ನ ಕೈ ಹಿಡಿದುಕೊಂಡು ಅಲ್ಲಾಡಿಸಿದರು. "ಕಿಟಕಿ ಇಟ್ಟವ್ರಾ? ಯಾವ ಕಡೆಗಿದೆ?"

"ನಮ್ಮ ಮನೆ ಕಡೆಗೇ ಇದೆ" ಎಂದೆ. ಒಂದು ಸುಳ್ಳಿನ ಮೇಲೆ ಇನ್ನೊಂದು ತಾನಾಗಿ ಬಂತು. "ಅಲ್ಲಿಂದ ಕರೆದ್ರೆ ನನಗೆ ಕಾಣುತ್ತೆ" ಎಂದೂ ಹೇಳಿದೆ.

"ನಿಂಗೆ ಕಿವಿ ಕೇಳ್ಸಲ್ಲ, ಸೆರಗು ಬೀಸ್ತೀನಿ ಬಿಡು" ಎಂದು ನಕ್ಕರು.

ಈ ಕಾಗದ ಬರೆಯುತ್ತಿರುವ ಮೇಜಿನಿಂದ ನನಗೆ ಕಾಣುವುದು ಒಂದು ದೊಡ್ಡ ಗುಂಡಿ. ಕೆಲಸ ನಿಂತ ಮೇಲೆ ಪಂಪು ತೆಗೆದರು, ಕಾವಲಿನವನೂ ಹೋದ. ಈ ಸಲದ ಮಳೆಯ ನೀರೆಲ್ಲ ಅದರಲ್ಲಿ ನಿಂತಿದೆ, ಮೇಲೆ ಪಾಚಿ. ಹೋದ ವಾರ ನಮ್ಮ ಬಟ್ಟೆ ಒಗೆಯುವ ಕಲ್ಲು, ಅದರ ಹಿಂದಿನ ಗೋಡೆ, ಪಾರಿಜಾತದ ಗಿಡ, ಮೂರೂ ಒಟ್ಟಿಗೆ ಜಾರಿ ಅದರೊಳಗೆ ಹೋದವು. ದೇವರ ಮನೆಯ ಗೋಡೆಯಲ್ಲಿ ಬಿರುಕು ಬಿಟ್ಟಿದೆ. ನನ್ನ ಬೆರಳು ಒಳಗೆ ಹೋಗುತ್ತದೆ. ಇವರು ರಾತ್ರಿ ನಿದ್ದೆ ಮಾಡುವುದಿಲ್ಲ. "ಗೆದ್ದೆವಲ್ಲ" ಎಂದು ಒಮ್ಮೊಮ್ಮೆ ಹೇಳುತ್ತಾರೆ, ನನ್ನ ಮುಖ ನೋಡದೆ.

ನೀನು ಹೇಳಿಕೊಟ್ಟಂತೆಯೇ ಹೇಳಿದೆ, ಪ್ರತಿಭಾ. ನೀನು ದಿನಾ ಇದನ್ನು ಹೇಗೆ ಹೇಳುತ್ತೀಯೋ ನನಗೆ ತಿಳಿಯದು.

ಚೂಡಾ


ಬಿನ್ನಿಪೇಟೆ
20 ನವೆಂಬರ್ 2023

ಚೂಡಾ,

ಅಮ್ಮ ಹೋದಳು. ದೀಪಾವಳಿಯ ಹಿಂದಿನ ವಾರ. ಕಾರ್ಯಗಳೆಲ್ಲ ಮುಗಿದವು. ನಿನಗೆ ಹೇಳಿ ಕಳಿಸಲಿಲ್ಲ, ಬೇಕೆಂದೇ ಕಳಿಸಲಿಲ್ಲ.

ನೀನು ಬಂದುಹೋದ ಮೇಲೆ ಅಮ್ಮ ಬದಲಾಗಿಬಿಟ್ಟಿದ್ದಳು. ನಾನು ಹೇಳಿದ್ದನ್ನು ಅವಳು ಪೂರ್ತಿ ನಂಬಿರಲಿಲ್ಲವೇನೋ. ನೀನು ಹೇಳಿದ್ದನ್ನು ನಂಬಿದಳು. ಬಂದವರಿಗೆಲ್ಲ, "ಎರಡನೇ ಮಹಡಿ ಆಯ್ತಂತೆ, ಚೂಡಾಮಣಿ ಕಣ್ಣಾರೆ ನೋಡ್ಕೊಂಡು ಬಂದು ಹೇಳಿದ್ಲು" ಎನ್ನುತ್ತಿದ್ದಳು. ಹಳೇ ಸೀರೆಗಳಲ್ಲಿ ಪಾತ್ರೆ ಕಟ್ಟಲು ಶುರು ಮಾಡಿದಳು. ಸಾರಿನ ಪಾತ್ರೆ ಬೇಕೆಂದು ನಾನು ಗಂಟು ಬಿಚ್ಚಿದರೆ ಸಂಜೆಗೆ ಮತ್ತೆ ಕಟ್ಟಿಡುತ್ತಿದ್ದಳು.

ಅವತ್ತು ಊಟವಾದ ಮೇಲೆ ಉಸಿರು ಸಿಗುತ್ತಿಲ್ಲ ಎಂದಳು. ಆಂಬುಲೆನ್ಸ್ ಬೇಗನೆ ಬಂತು. ಅವರು ತಂದ ಸ್ಟ್ರೆಚರ್ ನಮ್ಮ ಮೆಟ್ಟಿಲಿನ ತಿರುವಿನಲ್ಲಿ ತಿರುಗಲಿಲ್ಲ. ಕೆಳಗಿಟ್ಟು ಬಂದರು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದೆವು. ಅಮ್ಮ ನನ್ನ ಕೈ ಹಿಡಿದುಕೊಂಡು, "ನಿಧಾನ, ನಿಧಾನ" ಎನ್ನುತ್ತಿದ್ದಳು. ಎರಡನೇ ಮಹಡಿಯ ಹತ್ತಿರ ಆ ಮಾತು ನಿಂತಿತು. ಕೆಳಗೆ ತಲುಪಿದಾಗ ಅವಳಿರಲಿಲ್ಲ.

ಯಾರನ್ನೂ ದೂರುತ್ತಿಲ್ಲ. ಕೆಲಸ ನಿಲ್ಲದೆ ನಡೆದಿದ್ದರೂ ಆ ಮನೆ ಈ ವರ್ಷಕ್ಕೆ ಮುಗಿಯುತ್ತಿರಲಿಲ್ಲ. ಎಂಬತ್ತು ದಾಟಿದ ಜೀವ. ಎಲ್ಲವೂ ನನಗೆ ಗೊತ್ತು. ಆದರೂ ನೀನು ಸದ್ಯಕ್ಕೆ ಈ ಕಡೆ ಬರಬೇಡ.

ಪ್ರತಿಭಾ


ಬಸವನಗುಡಿ
2 ಫೆಬ್ರವರಿ 2024

ಪ್ರಿಯ ಪ್ರತಿಭಾ,

ಬರಬೇಡ ಎಂದಿದ್ದೆ, ಬರಲಿಲ್ಲ. ಬರೆಯಬೇಡ ಎಂದಿರಲಿಲ್ಲ.

ಕೇಸು ವಾಪಸ್ ತೆಗೆದುಕೊಂಡೆ. ಮೊನ್ನೆ ಬುಧವಾರ ಕೋರ್ಟಿನಲ್ಲಿ ಸಹಿ ಹಾಕಿ ಬಂದೆ. ತಡೆಯಾಜ್ಞೆ ಬಿದ್ದುಹೋಯಿತು. ಸೋಮವಾರದಿಂದ ಕೆಲಸ ಶುರುವಾಗುತ್ತದೆ. ನಮ್ಮ ಕಡೆ ಮಣ್ಣು ಜಾರದಂತೆ ಕಾಂಕ್ರೀಟ್ ಗೋಡೆ ಕಟ್ಟಿಕೊಡುತ್ತಾರೆ, ಬಿರುಕು ಸರಿ ಮಾಡಿಕೊಡುತ್ತಾರೆ. ಬೇರೇನನ್ನೂ ನಾನು ಕೇಳಲಿಲ್ಲ, ಮುಟ್ಟಲಿಲ್ಲ.

ಕೋರ್ಟಿಗೆ ಹೋಗುವ ಮೊದಲು ರಸ್ತೆಯವರನ್ನು ಮನೆಗೆ ಕರೆದು ನಾನೇ ಹೇಳಿದೆ. ಹೇಳದೆ ಮಾಡುವುದು ಸರಿಯಲ್ಲ ಎನ್ನಿಸಿತು. ಶೈಲಜಮ್ಮ ಕಾಫಿ ಲೋಟ ಕೆಳಗಿಟ್ಟು, "ಎಷ್ಟಕ್ಕೆ ಆಯ್ತು ವ್ಯಾಪಾರ?" ಎಂದು ಕೇಳಿದರು. ನನಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡು ಇನ್ನೊಮ್ಮೆ ಹೇಳಿದರು. ಮೊದಲ ಸಲವೇ ಕೇಳಿಸಿತ್ತು.

ಇವರು ಎದ್ದು, "ಬನ್ನಿ, ದೇವರ ಮನೆ ಗೋಡೆ ನೋಡಿ ಮಾತಾಡಿ" ಎಂದರು. ಯಾರೂ ಏಳಲಿಲ್ಲ. ವೀರಭದ್ರಯ್ಯನವರು ಹೊರಡುವಾಗ ಬಾಗಿಲಲ್ಲಿ ನಿಂತು, "ಗೋಡೆ ಬಿದ್ದಿದ್ರೆ ನಾವೆಲ್ಲ ಸೇರಿ ಕಟ್ಟಿಸ್ತಿದ್ವಿ ಚೂಡಾಮಣಿಯವರೇ. ಒಂದು ಮಾತು ಕೇಳಬಹುದಿತ್ತು" ಎಂದರು. ಆ ವಯಸ್ಸಿನಲ್ಲಿ ಅವರು ನನಗಾಗಿ ಎಷ್ಟು ಸಲ ಕೋರ್ಟಿನ ಮೆಟ್ಟಿಲು ಹತ್ತಿದ್ದರು! ಅವರ ಮುಖ ನೋಡಲಾಗಲಿಲ್ಲ.

ಇದೆಲ್ಲ ನಿನಗೆ ಏಕೆ ಬರೆಯುತ್ತಿದ್ದೇನೆಂದರೆ, ಆ ಮನೆ ನಿನಗೆ ಸಿಗಲಿ ಎಂದೇ ನಾನಿದನ್ನು ಮಾಡಿದೆ. ನಿಮ್ಮಮ್ಮನಿಗೆ ನಾನು ಹೇಳಿದ ಸುಳ್ಳು ಅಷ್ಟರಮಟ್ಟಿಗಾದರೂ ನಿಜವಾಗಲಿ ಎಂದು. ಅವರು ಬರಲಿಲ್ಲ, ನೀನಾದರೂ ಬಾ. ಆ ಕಿಟಕಿಯಲ್ಲಿ ನೀನು ನಿಂತಿದ್ದರೆ ನನ್ನ ಮನಸ್ಸಿಗೆ ಒಂದಿಷ್ಟು ಸಮಾಧಾನ.

ನಿನ್ನ
ಚೂಡಾ


ಬಿನ್ನಿಪೇಟೆ
10 ಫೆಬ್ರವರಿ 2024

ಚೂಡಾ,

ಬುಕ್ ಮಾಡಿದ್ದ ಮನೆಯನ್ನು ನಾನು ಡಿಸೆಂಬರಿನಲ್ಲೇ ರದ್ದು ಮಾಡಿದೆ. ಅದು ಈಗ ಬೇರೆ ಯಾರದೋ. ಯಾರಿಗಾಗಿ ಬೇಕಿತ್ತೋ ಅವಳೇ ಇಲ್ಲದ ಮೇಲೆ ಅಲ್ಲಿ ನನಗೇನು ಕೆಲಸ?

ನೀನು ಒಂದು ಮಾತು ಕೇಳಬಹುದಿತ್ತು. ವೀರಭದ್ರಯ್ಯನವರು ನಿನಗೆ ಹೇಳಿದ್ದನ್ನೇ ನಾನೂ ಹೇಳಬೇಕಾಗಿದೆ. ಕೇಸು ಹಾಕುವಾಗಲೂ ನನ್ನನ್ನು ಕೇಳಲಿಲ್ಲ, ತೆಗೆಯುವಾಗಲೂ ಕೇಳಲಿಲ್ಲ. ಎರಡು ಸಲವೂ ನನಗೆ ಒಳ್ಳೆಯದಾಗುತ್ತದೆ ಎಂದು ಬರೆದೆ.

ಇನ್ನೊಂದನ್ನು ಹೇಳುತ್ತೇನೆ, ನೊಂದುಕೊಳ್ಳಬೇಡ ಎಂದು ಹೇಳುವುದಿಲ್ಲ. ನೀನು ಕೇಸು ತೆಗೆದದ್ದು ನಿನ್ನ ಮನೆ ಉಳಿಸಿಕೊಳ್ಳಲು. ಅದರಲ್ಲಿ ತಪ್ಪಿಲ್ಲ, ಯಾರಾದರೂ ಹಾಗೇ ಮಾಡುತ್ತಿದ್ದರು. ಅಮ್ಮ ಬದುಕಿದ್ದಾಗ, ಅವಳ ಕೈ ಹಿಡಿದುಕೊಂಡು ಕೂತಿದ್ದೆಯಲ್ಲ, ಅವತ್ತು ಸಂಜೆಯೇ ಹೋಗಿ ತೆಗೆಯಬಹುದಿತ್ತು. ತೆಗೆಯಲಿಲ್ಲ. ಬಿರುಕಿನಲ್ಲಿ ಬೆರಳು ಹೋದ ಮೇಲೂ ನಾಲ್ಕೈದು ತಿಂಗಳು ತಡೆದೆ, ಆಮೇಲೆ ತೆಗೆದೆ. ತೆಗೆದದ್ದು ತೆಗೆದೆ, ಆದರೆ ಅದರ ಮೇಲೆ ಅಮ್ಮನ ಹೆಸರು ಹಾಕಬೇಡ.

ನಮ್ಮ ಕಟ್ಟಡದಲ್ಲಿ ಸಂಕ್ರಾಂತಿಗೆ ಕೆಳಗಿನ ಮನೆ ಖಾಲಿಯಾಯಿತು. ನೆಲಮಟ್ಟದ್ದು. ಓನರ್ ಬಂದು, "ಮೇಡಂ, ಬೇಕೂಂತಿದ್ರಲ್ಲ" ಎಂದು ಕೇಳಿದರು. ಬೇಡ ಎಂದೆ. ಬಾಗಿಲು ಹಾಕಿಕೊಂಡು ತುಂಬಾ ಹೊತ್ತು ಅತ್ತೆ.

ಪ್ರತಿಭಾ


ಬಸವನಗುಡಿ
20 ಆಗಸ್ಟ್ 2024

ಪ್ರತಿಭಾ,

ಆರು ತಿಂಗಳು ನಿನಗೆ ಉತ್ತರ ಬರೆಯಲಿಲ್ಲ. ನಾಲ್ಕು ಸಲ ಬರೆದು ಹರಿದೆ. ಪ್ರತಿ ಸಲವೂ ಅದು ನನ್ನ ಪರವಾಗಿ ವಾದಿಸುವ ಕಾಗದವೇ ಆಗುತ್ತಿತ್ತು.

ನೀನು ಬರೆದದ್ದರಲ್ಲಿ ನಿಜವಿದೆ. ಎರಡು ಕಾರಣವೂ ನನ್ನಲ್ಲಿದ್ದವು. ಗೋಡೆಯ ಭಯ ಮೊದಲು ಬಂತೋ, ನಿಮ್ಮಮ್ಮ ಕೈ ಹಿಡಿದು ಅಲ್ಲಾಡಿಸಿದ್ದು ಮೊದಲು ನೆನಪಾಯಿತೋ, ಈಗ ಬಿಡಿಸಿ ನೋಡಲು ನನಗೆ ಆಗುತ್ತಿಲ್ಲ. ನಿನಗೆ ಬರೆಯುವಾಗ ಒಂದನ್ನು ಮುಂದಿಟ್ಟು ಇನ್ನೊಂದನ್ನು ಹಿಂದೆ ಅಡಗಿಸಿದೆ. ರಸ್ತೆಯವರಿಗೆ ಹೇಳುವಾಗ ಅದನ್ನೇ ತಿರುಗಿಸಿದೆ.

ಕಾಂಕ್ರೀಟ್ ಗೋಡೆ ಕಟ್ಟಿಕೊಟ್ಟರು. ದೇವರ ಮನೆಯ ಬಿರುಕಿಗೆ ಸಿಮೆಂಟು ತುಂಬಿ ಬಣ್ಣ ಬಳಿದರು, ಗುರುತು ಕಾಣುವುದಿಲ್ಲ. ಕಟ್ಟಡ ಐದನೇ ಮಹಡಿಗೆ ಬಂದಿದೆ. ಹಿತ್ತಿಲಿಗೆ ಈಗ ಬಿಸಿಲು ಬೀಳುವುದು ನಡುಹಗಲಿನಲ್ಲಿ ಸ್ವಲ್ಪ ಹೊತ್ತು ಮಾತ್ರ. ಬಟ್ಟೆ ಒಣಗಿದರೂ ತಣ್ಣಗಿರುತ್ತದೆ. ಬೇಸಿಗೆಯಲ್ಲಿ ಹಪ್ಪಳ ಇಡಲಿಲ್ಲ.

ನಮ್ಮ ಮನೆ ನಿಂತಿದೆ. ರಸ್ತೆ ಮಾತ್ರ ನಮ್ಮದಲ್ಲ. ಮೊನ್ನೆ ಶುಕ್ರವಾರ ವರಮಹಾಲಕ್ಷ್ಮಿ. ಬೆಳಗ್ಗೆ ಪೂಜೆ ಮುಗಿಸಿ, ಬರುವವರಿಗೆಂದು ತಾಂಬೂಲಕ್ಕೆ ಹೂವು, ಎಲೆ, ಅಡಿಕೆ ಜೋಡಿಸಿಟ್ಟೆ. ಪ್ರತಿ ವರ್ಷದಂತೆ ರೇಷ್ಮೆ ಸೀರೆಯಲ್ಲೇ ಕೂತಿದ್ದೆ. ಗೇಟಿನ ಮುಂದೆಯೇ ಹೆಂಗಸರು ತಟ್ಟೆ ಹಿಡಿದು ಶೈಲಜಮ್ಮನ ಮನೆಗೆ ಹೋದರು, ಅಲ್ಲಿಂದ ಎದುರು ಮನೆಗೆ ಹೋದರು. ನಮ್ಮ ಗೇಟು ಯಾರೂ ತೆರೆಯಲಿಲ್ಲ. ನನ್ನನ್ನೂ ಯಾರೂ ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ. ನಾನು ಈ ರಸ್ತೆಯಲ್ಲೇ ಹುಟ್ಟಿದವಳು.

ದೀಪ ಹಚ್ಚುವ ಹೊತ್ತಿಗೆ ಇವರು ಬಂದು, "ಸೀರೆ ಬದಲಾಯಿಸಿ ಬಾ, ಊಟ ಮಾಡೋಣ" ಎಂದರು. ಜೋಡಿಸಿಟ್ಟದ್ದನ್ನು ಮಾರನೇ ದಿನ ಕಟ್ಟಡ ಕೆಲಸದ ಹೆಂಗಸರಿಗೆ ಕೊಟ್ಟೆ. ಯಾದಗಿರಿ ಕಡೆಯವರು. ಒಬ್ಬಳು ಹೂವನ್ನು ಅಲ್ಲೇ ಮುಡಿದುಕೊಂಡು ಕಬ್ಬಿಣ ಹೊರಲು ಹೋದಳು.

ಮನೆ ಮಾರಿಬಿಡೋಣ ಎನ್ನುತ್ತಾರೆ ಇವರು. ಕೊಳ್ಳಲು ಅದೇ ಕಂಪನಿಯವರು ಎರಡು ಸಲ ಬಂದಿದ್ದರು. ನಾನು ಉತ್ತರ ಕೊಟ್ಟಿಲ್ಲ.

ನಿನ್ನನ್ನು ನೋಡಬೇಕೆನ್ನಿಸುತ್ತದೆ. ಈ ಸಲ ಕೇಳಿಯೇ ಬರುತ್ತೇನೆ. ಬರಲೇ?

ಚೂಡಾ


ಬಿನ್ನಿಪೇಟೆ
27 ಆಗಸ್ಟ್ 2024

ಚೂಡಾ,

ಬಾ. ಬುಧವಾರ ಬಾ.

ನಾನು ಎಲ್ಲ ಮರೆತಿದ್ದೇನೆ ಎಂದುಕೊಂಡು ಬರಬೇಡ. ಮರೆತಿಲ್ಲ. ನೀನು ಮೆಟ್ಟಿಲು ಹತ್ತಿ ಬಂದಾಗ ನನಗೆ ಕೋಪ ಬಂದರೂ ಬರಬಹುದು. ಬಂದರೆ ಎದ್ದು ಹೋಗಬೇಡ, ಕೂತಿರು. ಅಮ್ಮನ ಬಗ್ಗೆ ನೀನಾಗಿ ಏನೂ ಹೇಳಬೇಡ. ನಾನು ಕೇಳಿದರೆ ಹೇಳು.

ಕುಶಾಲ್ ಮಧ್ಯಾಹ್ನದ ಊಟ ಅಂಗಡಿಯಲ್ಲೇ ಮಾಡುತ್ತಾನೆ. ಒಬ್ಬಳಿಗೇ ಅಡುಗೆ ಮಾಡಿಕೊಂಡು, ಒಬ್ಬಳೇ ಬಡಿಸಿಕೊಂಡು ಸಾಕಾಗಿದೆ ನನಗೆ.

ಪ್ರತಿಭಾ